ಸಾವಂತ್ರವ್ವ ತಗೊಂಡ ಬನ್ನಿ

ಪುಣೆಯಲ್ಲಿ ಫ್ಲೆಕ್ಸ್ ಬೋರ್ಡಿನ ಮೇಲೆ ಬರಲು ಏನೂ ಸಾಧಿಸಬೇಕಾಗಿಲ್ಲ, ಹುಟ್ಟುಹಬ್ಬ ಬಂದರೆ ಸಾಕು. ಕೊರಳಲ್ಲಿ ಬೆರಳುಗಾತ್ರದ ಚೈನು, ಕಣ್ಣಿಗೆ ಕಪ್ಪು ಕನ್ನಡಕ, ಹೆಸರಿನ ಕೆಳಗೆ ‘ಸಮಾಜಸೇವಕ’ ಎಂದು ಬರೆಸಿಕೊಂಡವರು ಪ್ರತಿ ಚೌಕದಲ್ಲೂ ನೇತಾಡುತ್ತಿರುತ್ತಾರೆ. ನಾನು ಅವರ ಕಡೆ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಹೋದ ವರ್ಷ ದಸರೆ ಮುಗಿಸಿ, ಭೋರ್‌ನ ತಂಗಿಯ ಮನೆಯಿಂದ ಬಸ್ಸಿನಲ್ಲಿ ವಾಪಸಾಗುವಾಗ, ವಾಕಡ ಚೌಕದ ಫ್ಲೆಕ್ಸಿನಲ್ಲಿ ಸಾವಂತ್ರವ್ವ ನಗುತ್ತಿದ್ದಳು. ಆಕೆಯ ಕೈಯಲ್ಲಿ ಬನ್ನಿ ಎಲೆ. ಅದನ್ನು ಕೊಡುತ್ತಿದ್ದವನು ಬಿಲ್ಡರ್ ಕಡೆಯ ಮನುಷ್ಯ. ನಡುವೆ ಹಲ್ಲು ಕಿರಿಯುತ್ತ ನಿಂತವನು ಧರ್ಮರಾಜ. ಮೇಲೆ ಮರಾಠಿಯಲ್ಲಿ, ಕುಂಬಳಕಾಯಿಯಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ನದಿದಂಡೆಯ ರಸ್ತೆಗೆ ನಾಗರಿಕರ ಒಮ್ಮತದ ಒಪ್ಪಿಗೆ, ಎಲ್ಲರಿಗೂ ವಿಜಯದಶಮಿಯ ಶುಭಾಶಯಗಳು.

ಬಸ್ಸಿನಲ್ಲಿ ಕೂತಲ್ಲೇ ನನ್ನ ಮೈ ಉರಿದುಹೋಯಿತು. ಆ ಸಿಟ್ಟು ಯಾರ ಮೇಲೆ ಬಂತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಅದು ಬರಬಾರದವಳ ಮೇಲೆ ಬಂತು.

ಸಾವಂತ್ರವ್ವ ಶಹಾಪುರದ ಕಡೆಯವಳು. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಹಣಮಂತ್ರಾಯನ ಜೊತೆ ಪುಣೆಗೆ ಬಂದು, ಗೌಂಡಿಗಳ ಕೈಕೆಳಗೆ ಉಸುಕು ಸಿಮೆಂಟು ಹೊತ್ತಳು. ಇವತ್ತು ವಾಕಡದಲ್ಲಿ ಕಾಣುವ ಎತ್ತರದ ಕಟ್ಟಡಗಳಲ್ಲಿ ಹತ್ತಾದರೂ ಆಕೆಯ ತಲೆಯ ಮೇಲಿನ ಬುಟ್ಟಿಯಿಂದ ಎದ್ದಂಥವು. ಅವುಗಳಲ್ಲೊಂದರ ಐದನೇ ಮಹಡಿಯಲ್ಲಿ ನಾನಿದ್ದೇನೆ. ಆಕೆ ಆಗ ಇದ್ದದ್ದು ಮುಳಾ ನದಿಯ ದಂಡೆಯ ಮೇಲಿನ ತಗಡಿನ ಶೆಡ್ಡಿನಲ್ಲಿ. ನನ್ನ ಹೆಸರು ರೇಣು. ನಮ್ಮದು ಜಮಖಂಡಿ ಕಡೆಯ ಮನೆತನ. ಅಜ್ಜ ಇಲ್ಲಿಯ ಅರಿವೆ ಅಂಗಡಿಗೆ ಗುಮಾಸ್ತರಾಗಿ ಬಂದವರು, ನಾನು ವಿಮಾ ಕಚೇರಿಯಲ್ಲಿ ಕಾರಕೂನಳು. ಆಕೆಯದೂ ಕನ್ನಡ, ನಮ್ಮದೂ ಕನ್ನಡ. ಆದರೂ ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚಮನ್ ನನಗೆ ಸಲಾಮು ಹೊಡೆಯುತ್ತಿದ್ದ, ಆಕೆಯನ್ನು ನಿಲ್ಲಿಸಿ ಯಾರ ಮನೆಗೆ ಎಂದು ಕೇಳುತ್ತಿದ್ದ.

ಹಣಮಂತ್ರಾಯ ಸತ್ತದ್ದು ಕಾಮಣಿಯಿಂದ, ಅಂದರೆ ಕಾಮಾಲೆಯಿಂದ. ಶೆಡ್ಡಿನವರು ಕುಡಿಯುತ್ತಿದ್ದುದು ದಂಡೆಯ ಬಾವಿಯ ನೀರು, ಬಾವಿಯ ಸುತ್ತ ಊರೆಲ್ಲ ಕೆಡವಿದ ಕಟ್ಟಡಗಳ ಅವಶೇಷ. ಡಂಪರುಗಳು ಒಂದರ ಹಿಂದೊಂದು ಬಂದು ಒಡೆದ ಗೋಡೆ, ಹಳೆ ಪೈಪು, ಕಮೋಡು ಸಮೇತ ಹೊಳೆಗೆ ಸುರಿದು ಹೋಗುತ್ತಿದ್ದವು. ಹೊಳೆ ಕಿರಿದಾಯಿತು, ಮಳೆಗಾಲದಲ್ಲಿ ಗಟಾರದ ನೀರು ಮೇಲೇರಿ ಬಾವಿಗಿಳಿಯಿತು. ಒಂದೇ ವರ್ಷ ಶೆಡ್ಡಿನ ಹದಿನಾರು ಮಂದಿಗೆ ಕಾಮಣಿಯಾಯಿತು, ಮೂವರು ಉಳಿಯಲಿಲ್ಲ. ಗಂಡನ ದಿವಸ ಮುಗಿಸಿ ಬಂದ ಮರುದಿನ ಸಾವಂತ್ರವ್ವ ಕೆಲಸಕ್ಕೆ ಹೋಗಲಿಲ್ಲ. ಡಂಪರ್ ಬರುವ ದಾರಿಯಲ್ಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

ನಾನು ಆಕೆಯನ್ನು ಮೊದಲು ನೋಡಿದ್ದೇ ಹಾಗೆ. ಆಫೀಸಿನಿಂದ ಬರುವಾಗ ಡಂಪರ್ ಹಾರ್ನ್ ಬಾರಿಸುತ್ತ ನಿಂತಿತ್ತು, ಎದುರಿಗೆ ಐದಾರು ಹೆಂಗಸರು ಕೂತಿದ್ದರು. ಕನ್ನಡ ಕೇಳಿ ನಾನು ಹತ್ತಿರ ಹೋಗಿ ಏನಾಯಿತೆಂದು ಕೇಳಿದೆ.

“ಬರೀಲಿಕ್ಕೆ ಬರ್ತದೇನು ನಿನಗ?” ಎಂದಳು ಆಕೆ.

“ಬರ್ತದ.”

“ಮತ್ತ ನಿಂತೇನು ನೋಡ್ತಿ? ಕುಂದರು. ಅರ್ಜಿ ಬರಿ.”

ಕೂತೆ. ಅವತ್ತಿನಿಂದ ಎಂಟು ವರ್ಷ ಆ ದಂಡೆಯ ಅರ್ಜಿಗಳನ್ನೆಲ್ಲ ಬರೆದವಳು ನಾನೇ. ಡಂಪರುಗಳು ನಿಂತದ್ದು ಅರ್ಜಿಗಿಂತ ಹೆಚ್ಚಾಗಿ ಆ ಬುಟ್ಟಿಯಿಂದ ಎಂಬುದು ಬೇರೆ ಮಾತು.

ಇನ್ನು ಬನ್ನಿಯ ವಿಷಯ. ಆಕೆ ಬುಟ್ಟಿ ಹಾಕಿ ಕೂತ ಮರುವರ್ಷ ಎಲ್ಲೋ ಗಡಿಯ ಗಲಾಟೆಯಾಗಿ ಬಸ್ಸಿಗೆ ಮಸಿ ಬಳಿದರು. ಅದರ ಬಿಸಿ ಇಲ್ಲಿಗೂ ಬಂತು. ದಂಡೆಯ ಮೇಲ್ಗಡೆ ಹಳೆಯ ಊರಿದೆ, ಗಾವಠಾಣ ಎನ್ನುತ್ತಾರೆ, ಎಲ್ಲ ಮರಾಠಿ ಮನೆಗಳು. ಅಲ್ಲಿಯ ಹುಡುಗರು ಬಂದು ಶೆಡ್ಡಿನ ಬಾಗಿಲು ಮುರಿದರು, ಶೆಡ್ಡಿನ ಹುಡುಗರು ಹೋಗಿ ಎರಡು ಸ್ಕೂಟರ್ ಸುಟ್ಟರು. ಪೊಲೀಸರು ಶಾಂತತಾ ಸಮಿತಿ ಮಾಡಿ ಎರಡೂ ಕಡೆಯ ಹಿರಿಯರಿಗೆ ಚಹಾ ಬಿಸ್ಕೀಟು ಕೊಟ್ಟರು. ಹಿರಿಯರು ಬಿಸ್ಕೀಟು ತಿಂದು, ಒಬ್ಬರ ಮುಖ ಒಬ್ಬರು ನೋಡದೆ ಎದ್ದುಬಂದರು.

ಎರಡು ವಾರಕ್ಕೆ ದಸರೆ ಬಂತು. ಶಹಾಪುರದ ಲಾರಿಯವನ ಕೈಲಿ ತರಿಸಿದ ಬನ್ನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾವಂತ್ರವ್ವ ಒಬ್ಬಳೇ ಗಾವಠಾಣಕ್ಕೆ ಹೊರಟಳು. ನಮ್ಮ ಕಡೆ ಬನ್ನಿ ಕೊಡಲು ಬಂದವನನ್ನು, ಅವನು ಹಗೆಯೇ ಆಗಿರಲಿ, ಹಿಂದಕ್ಕೆ ಕಳಿಸುವಂತಿಲ್ಲ. ತೆಗೆದುಕೊಳ್ಳಬೇಕು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನಬೇಕು, ಅಲ್ಲಿಗೆ ಜಗಳ ಮುಗಿಯಿತು. ಮರಾಠಿಯವರಲ್ಲೂ ಅದೇ ಪದ್ಧತಿ. ಅವರದು ಆಪಟೆಯ ಎಲೆ, ಅದಕ್ಕೆ ಅವರು ಸೋನ, ಅಂದರೆ ಬಂಗಾರ, ಎನ್ನುತ್ತಾರೆ. ಮೊದಲ ಮನೆ ಸ್ನೇಹಲ್ ಎಂಬ ಎಳೆಯ ಸೊಸೆಯದು, ಅವರದೇ ಒಂದು ಸ್ಕೂಟರ್ ಸುಟ್ಟಿತ್ತು. ಸ್ನೇಹಲ್‌ಳ ಅತ್ತೆ ಬಾಗಿಲಲ್ಲೇ ಬನ್ನಿ ತೆಗೆದುಕೊಂಡಳಂತೆ. ಆಮೇಲೆ ಒಳಗೆ ಹೋಗಿ ಆಪಟೆಯ ಎಲೆ ತಂದು ಸಾವಂತ್ರವ್ವನ ಕೈಗಿಟ್ಟಳು. ಸಂಜೆಯೊಳಗೆ ಗಾವಠಾಣದ ಹೆಂಗಸರು ಶೆಡ್ಡಿಗಿಳಿದು ಬಂದರು.

ಆ ವರ್ಷವೇ ಅವಶೇಷದ ದಿಬ್ಬ ಅಗೆದು ಒಂದು ಬನ್ನಿ, ಒಂದು ಆಪಟೆ ಅಕ್ಕಪಕ್ಕ ನೆಟ್ಟರು. ಸುತ್ತ ಬೇವು, ಹೊಂಗೆ, ಅತ್ತಿ ಬಂದವು. ಸಾವಂತ್ರವ್ವ ಕೊಡದಲ್ಲಿ ನೀರು ಹೊತ್ತು ಎಲ್ಲಕ್ಕೂ ಹಾಕಿದಳು. ಪುಣೆಯಲ್ಲಿ ದಸರೆ ಬಂತೆಂದರೆ ಟೆಂಪೋಗಟ್ಟಲೆ ಆಪಟೆಯ ಕೊಂಬೆ ಕಡಿದು ತಂದು ಮಾರುತ್ತಾರೆ. ನಮ್ಮ ದಂಡೆಯಲ್ಲಿ ಮಾತ್ರ ಒಬ್ಬರಿಗೆ ಒಂದೇ ಎಲೆ ಎಂದು ಆಕೆ ಕಾಯಿದೆ ಮಾಡಿದ್ದಳು. ಯಾರಾದರೂ ಟೊಂಗೆಗೆ ಕೈ ಹಾಕಿದರೆ, “ಏ, ಬಂಗಾರ ಕೇಜಿಗಟ್ಲೆ ತಗೋತಿಯೇನ? ನಿಮ್ಮಪ್ಪ ಸರಾಫನೇನ?” ಎನ್ನುತ್ತಿದ್ದಳು.

ಈಗ ಧರ್ಮರಾಜನ ವಿಷಯ ಹೇಳಲೇಬೇಕು. ಹೇಳುವಾಗ ನಾಲಿಗೆ ಕಹಿಯಾಗುತ್ತದೆ. ಆತ ಸಾವಂತ್ರವ್ವನ ಊರಿನವನೇ. ಹತ್ತೊಂಬತ್ತನೇ ವಯಸ್ಸಿಗೆ ಒಂದು ಚೀಲ ಹಿಡಿದು ಬಂದಾಗ ಆಕೆಯ ಶೆಡ್ಡಿನಲ್ಲಿ ಮಲಗಿದ, ಆಕೆಯ ರೊಟ್ಟಿ ತಿಂದ, ದೊಡ್ಡವ್ವ ಎಂದು ಕರೆದ. ಬರಬರುತ್ತ ಕೂಲಿಯವರನ್ನು ಸೈಟುಗಳಿಗೆ ಕಳಿಸುವ ಮುಕಾದಮನಾದ. ಹೋರಾಟದಲ್ಲೂ ಮುಂದೆ ಇರುತ್ತಿದ್ದ. ಘೋಷಣೆ ಕೂಗಲು ಅವನಿಗೆ ಒಳ್ಳೆಯ ಗಂಟಲಿತ್ತು, ಸಾವಂತ್ರವ್ವನಿಗೆ ಅದರ ಮೇಲೆ ಭಾರಿ ಹೆಮ್ಮೆ.

ಎರಡು ವರ್ಷದ ಹಿಂದೆ ದಂಡೆಯ ಆಚೆ ತುದಿಯ ಜಾಗವನ್ನು ಒಬ್ಬ ಬಿಲ್ಡರ್ ಕೊಂಡ. ಅಲ್ಲಿಗೆ ಹೋಗಲು ಹದಿನೆಂಟು ಮೀಟರ್ ಅಗಲದ ರಸ್ತೆ ಬೇಕು, ಅದು ನಮ್ಮ ಗಿಡಗಳ ಮೇಲೆಯೇ ಹಾಯಬೇಕು. ಜನರ ತಕರಾರು ಕೇಳಲು ಪಾಲಿಕೆಯ ಕಚೇರಿಯಲ್ಲಿ ಸುನಾವಣಿ ಇಟ್ಟರು, ಹೋದ ವರ್ಷ ದಸರೆಯಾದ ಆರನೇ ದಿನಕ್ಕೆ. ತಕರಾರು ಬರವಣಿಗೆಯಲ್ಲಿ, ಅದೇ ದಿನದೊಳಗೆ ಕೊಡಬೇಕು. ನಾವು ಇನ್ನೂರ ಹನ್ನೆರಡು ಸಹಿ, ಹೆಬ್ಬೆಟ್ಟು ಕೂಡಿಸಿದೆವು. ಅದರಲ್ಲಿ ಗಾವಠಾಣದವರೇ ನೂರಕ್ಕೂ ಹೆಚ್ಚು. ಕಾಗದವೆಲ್ಲ ನನ್ನ ಮನೆಯ ಕಪಾಟಿನಲ್ಲಿತ್ತು.

ಆಗ ಸಾವಂತ್ರವ್ವ ಇನ್ನೊಂದು ಕಾಯಿದೆ ಮಾಡಿದಳು: “ಬಿಲ್ಡರ್ ಮಂದಿ ಕೈಲಿಂದ ಯಾರೂ ಏನೂ ತಗೋಬಾರದು. ಚಹಾ ಸೈತ ಬ್ಯಾಡ.” ಎಲ್ಲರೂ ಒಪ್ಪಿದೆವು. ಧರ್ಮರಾಜ ಎಲ್ಲರಿಗಿಂತ ಜೋರಾಗಿ ಒಪ್ಪಿದ.

ದಸರೆಯ ದಿನ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಪಕ್ಕದ ಶೆಡ್ಡಿನ ಸಾಬವ್ವ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಧರ್ಮರಾಜ ಹೊಸ ಅಂಗಿ ಹಾಕಿಕೊಂಡು ಬಂದ. ಜೊತೆಗೆ ಶ್ರೀಕಂಠಯ್ಯ, ಬಿಲ್ಡರ್ ಪರವಾಗಿ ಸರಕಾರಿ ಕಚೇರಿಗಳನ್ನು ಸುತ್ತುವ ಮೈಸೂರು ಕಡೆಯ ಮನುಷ್ಯ. ಸಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದಳು.

“ದೊಡ್ಡವ್ವ, ಹಬ್ಬದ ದಿನ ಸಿಟ್ಟಾಗಬ್ಯಾಡ. ಸಾಹೇಬ್ರು ಬನ್ನಿ ಕೊಡಾಕ ಬಂದಾರ, ಅಷ್ಟ,” ಎಂದ ಧರ್ಮರಾಜ.

ಶ್ರೀಕಂಠಯ್ಯ ಬಾಗಿ ಆಕೆಯ ಕಾಲು ಮುಟ್ಟಿದ. “ಅಮ್ಮಾ, ತಗೊಳ್ಳಿ. ನಿಮ್ಮ ಹೋರಾಟ ನೀವು ಮಾಡಿ, ನಮ್ಮ ಕೆಲಸ ನಾವು ಮಾಡ್ತೀವಿ. ಮನಸ್ಸಲ್ಲಿ ದ್ವೇಷ ಬೇಡ.”

ಚಹಾ ಆಗಿದ್ದರೆ ಸಾವಂತ್ರವ್ವ ಚೆಲ್ಲುತ್ತಿದ್ದಳು, ನೋಟಾಗಿದ್ದರೆ ಅವನ ಮುಖಕ್ಕೇ ಎಸೆಯುತ್ತಿದ್ದಳು. ಆದರೆ ಅದು ಬನ್ನಿ. ಬನ್ನಿ ಹಿಡಿದು ಗಾವಠಾಣದ ಬಾಗಿಲಿಗೆ ಹೋಗಿದ್ದವಳು ತನ್ನ ಬಾಗಿಲಿಗೆ ಬಂದ ಬನ್ನಿಯನ್ನು ಬೇಡ ಎನ್ನುವುದು ಹೇಗೆ? ಹಿಟ್ಟಿನ ಕೈ ಒರೆಸಿಕೊಂಡು ತೆಗೆದುಕೊಂಡಳು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ” ಎಂದು ಮನಸಾರೆ ಅಂದಳು. ಅನ್ನುವಾಗ ನಕ್ಕಳು. ಧರ್ಮರಾಜನ ಕಡೆಯವನೊಬ್ಬ ಫೋನು ಎತ್ತಿ ಹಿಡಿದದ್ದು ಆಕೆಗೆ ಕಂಡಿತು. ಹಬ್ಬದಲ್ಲಿ ಯಾರು ಫೋಟೋ ಹೊಡೆಯುವುದಿಲ್ಲ?

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಮರುದಿನ ಬೆಳಿಗ್ಗೆ ಚೌಕದಲ್ಲಿ, ಗಾವಠಾಣದ ಕಮಾನಿನ ಹತ್ತಿರ, ನಮ್ಮ ಸೊಸೈಟಿಯ ಎದುರಿಗೆ ಫ್ಲೆಕ್ಸು ಬಿದ್ದವು.

ಸಾವಂತ್ರವ್ವನಿಗೆ ಓದು ಬರುವುದಿಲ್ಲ. ತನ್ನ ಫೋಟೋ ನೋಡಿ ಇದೇನೆಂದು ಧರ್ಮರಾಜನನ್ನೇ ಕೇಳಿದಳು. ಹಬ್ಬದ ಶುಭಾಶಯ ದೊಡ್ಡವ್ವ, ನೀ ಈಗ ದೊಡ್ಡ ಮನಿಶಾಳು ಆಗೀದಿ ಎಂದ. ಆಕೆ ನಾಚಿಕೊಂಡಳಂತೆ. ಮುಂದಿನ ನಾಲ್ಕು ದಿನ ಆ ಫ್ಲೆಕ್ಸಿನ ಕೆಳಗೇ ಓಡಾಡಿದಳು. ಗಾವಠಾಣದ ಹೆಂಗಸರು ಯಾಕೆ ಮುಖ ತಿರುಗಿಸುತ್ತಾರೆ, ತಾನು ರೊಟ್ಟಿ ಹಾಕಿ ಕೊಟ್ಟಿದ್ದ ಡಬ್ಬಿಯನ್ನು ಸ್ನೇಹಲ್ ಯಾಕೆ ಮಾತಿಲ್ಲದೆ ತಿರುಗಿ ಹೊಸ್ತಿಲಲ್ಲಿಟ್ಟು ಹೋದಳು ಎಂಬುದು ಆಕೆಗೆ ತಿಳಿಯಲಿಲ್ಲ.

ನನಗೆ ಓದು ಬರುತ್ತದೆ. ಬಂದು ಏನುಪಯೋಗವಾಯಿತು? ಬಸ್ಸಿಳಿದ ಮೇಲೆ ಆಕೆಯ ಶೆಡ್ಡಿಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಸ್ನೇಹಲ್ ಫೋನು ಮಾಡಿದಳು. “ಅಕ್ಕ, ನಮ್ಮ ಕಡೆಯವರ ಹೆಸರು ತೆಗೆದುಹಾಕಿ. ನಿಮ್ಮ ಕರ್ನಾಟಕದವರು ನಮ್ಮನ್ನು ಮುಂದೆ ಬಿಟ್ಟು ತಾವು ವ್ಯಾಪಾರ ಮುಗಿಸಿದರು,” ಎಂದು ಮರಾಠಿಯಲ್ಲಿ ಅತ್ತಳು. ಇಲ್ಲಮ್ಮ, ಒಂದು ಸಲ ಆಕೆಯನ್ನೇ ಕೇಳೋಣ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಯಾಕೆಂದರೆ ನನ್ನ ಮನಸ್ಸಿನಲ್ಲಿದ್ದ ಮಾತು ಅದಕ್ಕಿಂತ ಕೊಳಕಾಗಿತ್ತು. ಕೂಲಿ ಹೆಂಗಸು, ಎಷ್ಟು ದಿನ ತಡೆದಾಳು, ಎಷ್ಟು ಕೊಟ್ಟರೋ ಏನೋ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡೆ. ಎಂಟು ವರ್ಷ ಪಕ್ಕದಲ್ಲಿ ಕೂತವಳ ಮೇಲೆ ಒಂದು ಫೋಟೋದಷ್ಟೂ ನಂಬಿಕೆ ನನಗಿರಲಿಲ್ಲ. ಕಪಾಟು ತೆಗೆದು, ಇನ್ನೂರ ಹನ್ನೆರಡು ಸಹಿಯ ಕಾಗದಗಳನ್ನು ಹರಿದೆ. ಹರಿದು ಒಣ ಕಸದ ಬುಟ್ಟಿಗೇ ಹಾಕಿದೆ, ಹಸಿ ಕಸಕ್ಕಲ್ಲ. ಪರಿಸರದ ಹೋರಾಟಗಾರ್ತಿ ನೋಡಿ!

ಸುನಾವಣಿಗೆ ಹೋದದ್ದು ಸಾವಂತ್ರವ್ವನ ಬಣ್ಣ ಬಯಲಾಗುವುದನ್ನು ನೋಡಲು. ಆಕೆ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕೂತಿದ್ದಳು. ನನ್ನನ್ನು ನೋಡಿ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟು, “ನಿನಗ ಹಿಡದೀನಿ, ಬಾ” ಎಂದಳು. ನಾನು ಕೊನೆಯ ಸಾಲಿನಲ್ಲಿ ಕೂತೆ. ಗಾವಠಾಣದಿಂದ ಸ್ನೇಹಲ್ ಒಬ್ಬಳೇ ಬಂದು ಬಾಗಿಲಿನ ಹತ್ತಿರ ನಿಂತಿದ್ದಳು. ಧರ್ಮರಾಜ ಶ್ರೀಕಂಠಯ್ಯನ ಪಕ್ಕದಲ್ಲಿದ್ದ.

ನದಿದಂಡೆಯ ವಿಷಯ ಬಂದಾಗ ಸಾವಂತ್ರವ್ವ ಎದ್ದು, ತನ್ನ ಅರೆಬರೆ ಮರಾಠಿಯಲ್ಲಿ ಬಾವಿ, ಕಾಮಣಿ, ಗಂಡ, ಗಿಡ ಎಲ್ಲವನ್ನೂ ಹೇಳಿದಳು. ಅಧಿಕಾರಿ ಕೇಳಿಸಿಕೊಂಡರು. ಆಮೇಲೆ ಮುಂದಿದ್ದ ಕಡತದಿಂದ ಒಂದು ಫೋಟೋ ತೆಗೆದು ಎತ್ತಿ ತೋರಿಸಿದರು.

“ಆದರೆ ಅಜ್ಜಿ, ನೀವು ಒಪ್ಪಿಗೆ ಕೊಟ್ಟಿದ್ದೀರಲ್ಲ? ಊರೆಲ್ಲ ಬೋರ್ಡು ಹಾಕಿದ್ದಾರೆ, ರಸ್ತೆಗೆ ಒಮ್ಮತದ ಒಪ್ಪಿಗೆ ಅಂತ.”

ಆಕೆ ಫೋಟೋ ನೋಡಿದಳು. ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾಲ್ಕು ದಿನದ ಮುಖ ತಿರುಗಿಸುವಿಕೆ, ಹೊಸ್ತಿಲಲ್ಲಿಟ್ಟ ಡಬ್ಬಿ, ಖಾಲಿ ಉಳಿದ ಪಕ್ಕದ ಕುರ್ಚಿ, ಎಲ್ಲವೂ ಆಕೆಯ ಮುಖದ ಮೇಲೆ ಒಂದೊಂದಾಗಿ ಬಂದು ಕೂತದ್ದನ್ನು ನಾನು ಕೊನೆಯ ಸಾಲಿನಿಂದಲೇ ಕಂಡೆ. ನಾಟಕ ಆಡುವವರ ಮುಖ ಹಾಗಾಗುವುದಿಲ್ಲ.

“ಅದು ಬನ್ನಿರೀ ಸಾಹೇಬ್ರ,” ಎಂದಳು. ಮರಾಠಿ ಮರೆತು ಕನ್ನಡವೇ ಬಂತು. “ಬನ್ನಿ ಕೊಟ್ರ ಬ್ಯಾಡ ಅನ್ನಬಾರದು. ಧರ್ಮಾ, ಹೇಳೋ. ನೀನಾ ಕರಕೊಂಡು ಬಂದಿದ್ದಿ. ಸಾಹೇಬ್ರಿಗೆ ಹೇಳೋ.”

ಘೋಷಣೆ ಕೂಗುವ ಗಂಟಲಿನ ಧರ್ಮರಾಜ ಫೋನಿನ ಮೇಲೆ ಬೆರಳಾಡಿಸುತ್ತ ಕೂತ.

ಅಧಿಕಾರಿ ಕೆಟ್ಟವರಲ್ಲ. “ಬಾಯಿಮಾತು ನಾನು ಬರೆದುಕೊಳ್ಳಬಹುದು, ಅಜ್ಜಿ. ಲಿಖಿತ ತಕರಾರು ಇದೆಯೇ? ಇವತ್ತೇ ಕಡೆಯ ದಿನ. ಒಂದು ಸಹಿ ಇದ್ದರೂ ಕೊಡಿ,” ಎಂದರು.

ಸಾವಂತ್ರವ್ವನ ಮುಖ ಅರಳಿತು. ಹಿಂದಕ್ಕೆ ತಿರುಗಿ, “ರೇಣು, ಕೊಡ” ಎಂದಳು.

ಇಡೀ ಸಭೆ ನನ್ನ ಕಡೆ ನೋಡಿತು. ನನ್ನ ಚೀಲದಲ್ಲಿ ಊಟದ ಡಬ್ಬಿ ಮತ್ತು ಒಂದು ಛತ್ರಿ ಇದ್ದವು. ನಾನು ಎದ್ದು ನಿಂತೆ. ಇಲ್ಲ ಎಂದೆ. ಆಮೇಲೆ ಒಂದು ಹಾಳೆ ಬೇಡಿ, ಅಲ್ಲೇ ನಾಲ್ಕು ಸಾಲು ಗೀಚಿ, ನನ್ನ ಸಹಿ ಹಾಕಿ, ಸಾವಂತ್ರವ್ವನ ಹೆಬ್ಬೆಟ್ಟು ಒತ್ತಿಸಿ ಕೊಟ್ಟೆ. ಬಾಗಿಲಲ್ಲಿದ್ದ ಸ್ನೇಹಲ್ ಓಡಿಬಂದು ತಾನೂ ಸಹಿ ಹಾಕಿದಳು. ಒಂದು ಕಡೆ ಊರಿನ ಒಮ್ಮತ, ಇನ್ನೊಂದು ಕಡೆ ಮೂರು ಹೆಸರು. ಅಧಿಕಾರಿ ಹಾಳೆಯನ್ನು ಕಡತದಲ್ಲಿ ಸೇರಿಸಿ ಮುಂದಿನ ವಿಷಯ ಕರೆದರು.

ಹೊರಗೆ ಮೆಟ್ಟಿಲ ಮೇಲೆ ನಾನು ಧರ್ಮರಾಜನ ಅಂಗಿ ಹಿಡಿದೆ. “ಉಂಡ ಮನಿಗೆ ಎರಡು ಬಗದೀಯಲ್ಲೋ! ನಿನಗ ರೊಟ್ಟಿ ಬಡದು ಹಾಕಿದ ಕೈ ಅದು!”

“ಅಕ್ಕಾರ, ಅಂಗಿ ಬಿಡ್ರಿ,” ಎಂದ, ತಣ್ಣಗೆ. “ನಾ ಸುಳ್ಳೇನು ಹೇಳೀನಿ? ಫೋಟೋ ಖರೇನ ಅದ. ನನ್ನ ಹಿಂದ ಅರವತ್ತು ಮಂದಿ ಕೂಲಿಯವ್ರು ಅದಾರ. ರಸ್ತಾದ ಕೆಲಸ ನಮಗ ಸಿಕ್ಕದ. ಹೊಳಿ ದಂಡಿ ನೋಡಿ ಅವ್ರ ಹೊಟ್ಟಿ ತುಂಬ್ತದೇನು?” ಒಂದು ಹೆಜ್ಜೆ ಇಳಿದು ಮತ್ತೆ ತಿರುಗಿದ. “ನಾ ಏನೋ ಮುಕಾದಮ, ಬಿಡ್ರಿ. ನಿಮಗ ಯಾರು ಕಾಗದ ಹರಿ ಅಂದಿದ್ರು?”

ಹರಿದದ್ದನ್ನು ಸ್ನೇಹಲ್‌ಗೆ ಫೋನಿನಲ್ಲಿ ಹೇಳಿದ್ದೆ, ಅದು ಅವನ ಕಿವಿಗೂ ಮುಟ್ಟಿತ್ತು. ನಾನು ಅಂಗಿ ಬಿಟ್ಟೆ.

ಸಾವಂತ್ರವ್ವ ನಮ್ಮ ಹಿಂದೆಯೇ ನಿಂತಿದ್ದಳು. ನನ್ನನ್ನು ನೋಡಿ, “ಹರದೀ?” ಎಂದು ಕೇಳಿದಳು. ನಾನು ತಲೆ ಆಡಿಸಿದೆ.

“ಅವಂದು ಬಿಡು. ಅವಗ ಹೊಟ್ಟಿ ಅದ. ನೀ ಬಂದು ಒಂದು ಮಾತು ಕೇಳ್ಲಿಲ್ಲಲ್ಲ, ರೇಣು,” ಎಂದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು.

ಪುಷ್ಯ ಮಾಸದಲ್ಲಿ ಗಿಡ ಕಡಿದರು. ಕಡಿದವರು ಧರ್ಮರಾಜನ ಮಂದಿ, ಅಂದರೆ ಸಾವಂತ್ರವ್ವನ ಊರವರೇ. ಬನ್ನಿ ಮತ್ತು ಆಪಟೆ ಎರಡೂ ಒಂದೇ ಮುಂಜಾನೆ ಹೋದವು. ಗಾವಠಾಣದ ಹೆಂಗಸರು ಬಂದು ನಿಂತರು, ನಾನೂ ನಿಂತೆ, ಯಾರೂ ರಸ್ತೆಯಲ್ಲಿ ಕೂರಲಿಲ್ಲ. ಬುಟ್ಟಿ ಬೋರಲು ಹಾಕಿ ಕೂರುವವಳು ಆ ದಿನ ಶೆಡ್ಡಿನಿಂದ ಹೊರಗೇ ಬರಲಿಲ್ಲ. ನಾಲ್ಕು ತಿಂಗಳಿಗೆ ರಸ್ತೆ ಮುಗಿಯಿತು, ಧರ್ಮರಾಜನ ಅರವತ್ತು ಮಂದಿಯ ಕೆಲಸವೂ ಮುಗಿಯಿತು. ರಸ್ತೆಗೆ ಅಡ್ಡವೆಂದು ಅವರ ಶೆಡ್ಡುಗಳನ್ನೂ ಎಬ್ಬಿಸಿದರು. ಸಾವಂತ್ರವ್ವ ಈಗ ಪಿಂಪ್ರಿಯ ಕಡೆ ಒಂದು ಚಾಳಿನ ಖೋಲಿಯಲ್ಲಿದ್ದಾಳೆ. ಕನ್ನಡದವರ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ.

ಈ ವರ್ಷ ದಸರೆಗೆ ನಾನು ಭೋರ್‌ಗೆ ಹೋಗಲಿಲ್ಲ. ಚಿಂಚವಾಡದ ಪೇಟೆಯಲ್ಲಿ ಹತ್ತು ರೂಪಾಯಿಗೆ ಒಂದು ಕಟ್ಟು ಬನ್ನಿ ಮಾರುತ್ತಿದ್ದರು. ಹಣ ಕೊಟ್ಟು ಅದರಲ್ಲೊಂದು ಎಲೆ ಕಿತ್ತು, ಒಂದೇ ಎಲೆ, ಉಳಿದದ್ದನ್ನು ಅಲ್ಲೇ ಬಿಟ್ಟು ಆಕೆಯ ಖೋಲಿಗೆ ಹೋದೆ. ಒಂದು ವರ್ಷದಲ್ಲಿ ಹೋಗಿದ್ದು ಅದೇ ಮೊದಲು. ಬಾಗಿಲು ತೆರೆದಿತ್ತು, ಆಕೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ಎಲೆ ಚಾಚಿದೆ.

“ಅವ್ವ, ಬನ್ನಿ ತಂದೀನಿ.”

ಆಕೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಮೊದಲು ಎಲೆ ಹಿಡಿದ ಕೈ, ಆಮೇಲೆ ಇನ್ನೊಂದು ಕೈ. ಆಮೇಲೆ ನನ್ನ ಬೆನ್ನ ಹಿಂದೆ ಚಾಳಿನ ಗ್ಯಾಲರಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದಳು.

“ಫೋನ್ ಎಲ್ಲದ?” ಎಂದಳು.

ನಾನು ಚೀಲದಿಂದ ಫೋನು ತೆಗೆದು ಹೊಸ್ತಿಲ ಹೊರಗೆ ನೆಲದ ಮೇಲೆ ಬೋರಲು ಇಟ್ಟೆ. ಚೀಲವನ್ನೂ ಅದರ ಪಕ್ಕದಲ್ಲಿಟ್ಟು ಒಳಗೆ ಬಂದೆ. ಹಗೆಯ ಬಾಗಿಲಿಗೆ ಬನ್ನಿ ಹಿಡಿದು ಹೋದ ಹೆಂಗಸನ್ನು ನಾವು ಹೀಗೆ ಮಾಡಿಟ್ಟೆವು, ಧರ್ಮರಾಜ ಮತ್ತು ನಾನು.

ಆಕೆ ಹಿಟ್ಟಿನ ಕೈ ಒರೆಸಿಕೊಂಡು ಎಲೆ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ದೇವರ ಫೋಟೋದ ಮುಂದೆ ಇಟ್ಟಳು. ನಾನು ಬಾಗಿ ಕಾಲು ಮುಟ್ಟಿ, ಬಂಗಾರದಂಗ ಇರೂಣು ಎಂಬ ಆ ಒಂದು ಮಾತಿಗಾಗಿ ಕಾಯುತ್ತ ನಿಂತೆ.

ಆಕೆ ಆ ಮಾತು ಹೇಳಲಿಲ್ಲ. ಮತ್ತೆ ಕೂತು ಹಿಟ್ಟಿನ ಉಂಡೆಯನ್ನು ಕೈಗೆ ತೆಗೆದುಕೊಂಡಳು.

“ಕುಂದರು,” ಎಂದಳು. “ರೊಟ್ಟಿ ಬಿಸಿ ಅದ, ಉಂಡು ಹೋಗು.”